ಯಂತ್ರವೇ ಹೇಳಬೇಕು

ತೊಂದರೆ ಶುರುವಾದದ್ದು ಒಂದು ಗುಂಡಿಯಿಂದ. ಅಂಗಿಯ ಗುಂಡಿಯಲ್ಲ, ಕಂಪ್ಯೂಟರಿನ ಪರದೆಯ ಮೇಲಿನದು.

ನಲ್ಲಿ ನೀರಿನ ಕಚೇರಿಯಲ್ಲಿ ಜನರ ದೂರು ಬರೆದುಕೊಳ್ಳುವ ಗುಮಾಸ್ತರಿಗೆ ದೂರಪ್ಪ ಎಂದೇ ಹೆಸರು ಬಿದ್ದಿತ್ತು. ಅವರ ಕಂಪ್ಯೂಟರ್ ಬೆಳಿಗ್ಗೆ ಏಳುವುದೆಂದರೆ ಎಮ್ಮೆ ಕೆಸರಿನಿಂದ ಎದ್ದ ಹಾಗೆ. ಮೊದಲು ಒಂದು ನಿಟ್ಟುಸಿರು, ಆಮೇಲೆ ಒಂದು ಹೊರಳು, ಆಮೇಲೆ ಮತ್ತೆ ನಿದ್ದೆ. ಹಗಲಿನ ದೂರುಗಳನ್ನೆಲ್ಲ ಅದರ ಹೊಟ್ಟೆಗೆ ಸೇರಿಸುವಷ್ಟರಲ್ಲಿ ಏಳು ಗಂಟೆ. ಮನೆ ಮುಟ್ಟುವ ಹೊತ್ತಿಗೆ ಮೂರು ವರ್ಷದ ಮೊಮ್ಮಗಳು ಮಲಗಿರುತ್ತಿದ್ದಳು. ಅವಳು ಇವರನ್ನು ಕರೆಯುತ್ತಿದ್ದದ್ದು 'ಭಾನುವಾರದ ತಾತ' ಎಂದು. ಉಳಿದ ದಿನಗಳಿಗೆ ಬೇರೆ ತಾತ ಇದ್ದಾನೆಂದು ಅವಳ ನಂಬಿಕೆಯೋ ಏನೋ.

ಆ ದಿನ ಕೇಂದ್ರ ಕಚೇರಿಯಿಂದ ಒಂದು ಪುಟ್ಟ ಆ್ಯಪ್ ಬಂತು. ಗುಂಡಿ ಒತ್ತಿದರೆ ಅದು ಯಂತ್ರದೊಳಗೇ ಕೂತು, ಮೆಮೊರಿ ಎಷ್ಟಿದೆ, ಆಪರೇಟಿಂಗ್ ಸಿಸ್ಟಮ್ ಯಾವುದು ಎಂದು ತಾನೇ ಓದಿ ವರದಿ ಕಳಿಸುತ್ತದಂತೆ. ಕೆಂಪು ಬಂದರೆ ಇವತ್ತೇ ಹೊಸ ಯಂತ್ರ. ಹಸಿರು ಬಂದರೆ ಇನ್ನೈದು ವರ್ಷ ಹಳೆಯದೇ ಗತಿ. ಗಡುವು ಸಂಜೆ ನಾಲ್ಕು. ಹೊಸ ಯಂತ್ರಗಳು ಆಗಲೇ ಉಗ್ರಾಣದಲ್ಲಿ ಡಬ್ಬಿಯೊಳಗೆ ಕೂತಿದ್ದವು.

"ನಿಮ್ಮದಕ್ಕೆ ಬರೀ ಕೆಂಪಲ್ಲ, ಕಡುಗೆಂಪೇ ಬರುತ್ತೆ ಬಿಡಿ" ಎಂದರು ಪಕ್ಕದ ಮೇಜಿನ ಟಪಾಲಿನ ಅಕ್ಕ.

ದೂರಪ್ಪ ಮನೆಗೆ ಫೋನು ಮಾಡಿ, ನಾಳೆಯಿಂದ ಐದೂವರೆಗೆಲ್ಲ ಬರುತ್ತೇನೆ ಎಂದು ಹೆಂಡತಿಗೆ ಹೇಳಿಬಿಟ್ಟರು. ಆಮೇಲೆ ಗುಂಡಿ ಒತ್ತಿದರು. ಯಂತ್ರ ಕಾಲು ಗಂಟೆ ಧ್ಯಾನ ಮಾಡಿ ಒಂದು ಸಾಲು ಬರೆಯಿತು: 'ಈ ಯಂತ್ರ ತೀರಾ ಹಳೆಯದು. ಈ ಆ್ಯಪ್ ಇದರಲ್ಲಿ ನಡೆಯುವುದಿಲ್ಲ.'

"ನಡೆಯಲ್ಲ ಅಂತ ಹೇಳಿತಲ್ಲ, ಅದೇ ವರದಿ" ಎಂದರು ಅಕ್ಕ.

ದೂರಪ್ಪ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಕೇಂದ್ರ ಕಚೇರಿಗೆ ಫೋನು ಹಚ್ಚಿ, ಹೂಂ ಹೂಂ ಎಂದು ಕೇಳಿಸಿಕೊಂಡು ಇಟ್ಟರು.

"ಬಾಯಿಮಾತು ನಡೆಯಲ್ವಂತೆ ದೂರಪ್ಪ, ಯಂತ್ರವೇ ಹೇಳಬೇಕಂತೆ. ನಾಲ್ಕರೊಳಗೆ ವರದಿ ಹೋಗದಿದ್ರೆ ಆ ಮೇಜಿನ ಮೇಲೆ ಯಂತ್ರವೇ ಇಲ್ಲ ಅಂತ ಬರ್ಕೋತಾರಂತೆ."

"ಇಲ್ಲ ಅಂದ್ರೆ ಹೊಸದು ಕೊಡಬೇಕಲ್ವಾ ಸಾರ್?"

"ಇಲ್ಲದ್ದಕ್ಕೆ ಬದಲಿ ಹೇಗ್ರೀ ಕೊಡೋದು? ಅದಿರಲಿ, ಮೆಮೊರಿ ಎಷ್ಟಿದೆ?"

"ಇತ್ತೀಚೆಗೆ ಮರೆವು ಜಾಸ್ತಿ ಸಾರ್."

"ನಿಮ್ಮದಲ್ಲ, ಯಂತ್ರದ್ದು ಕೇಳಿದ್ದು."

ಕೊನೆಗೆ ಉಗ್ರಾಣದವನನ್ನು ಕರೆಸಿದರು. ಯಾವುದನ್ನು ಕಂಡರೂ ಬಿಚ್ಚುವ ಅವನಿಗೆ ಇಕ್ಕಳ ಎಂದು ಹೆಸರು. ಅವನು ಯಂತ್ರದ ಬೆನ್ನು ಬಿಚ್ಚಿದ. ಒಳಗಿನಿಂದ ಮುಷ್ಟಿ ತುಂಬ ಧೂಳು ಬಂತು.

"ಇದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ರೆ ಆ್ಯಪ್ ನಡೆಯುತ್ತೆ ದೂರಪ್ಪಣ್ಣ. ಆದ್ರೆ ಅದನ್ನ ಹೊರೋಕೆ ಇದರ ಮೆಮೊರಿ ಸಾಲದು. ಎಲ್ಲಿಂದಾದ್ರೂ ಸಾಲ ತರಬೇಕು."

"ನನ್ನದ್ರಲ್ಲಿ ಮೆಮೊರಿದು ಎರಡು ಪಟ್ಟಿ ಇದೆಯಂತಲ್ಲ, ಒಂದು ತಗೋ" ಎಂದರು ಅಕ್ಕ. "ಪಾಪ, ಮೊಮ್ಮಗಳ ಮುಖ ನೋಡ್ಲಿ."

"ಉಗ್ರಾಣದಲ್ಲಿರೋ ನನ್ನದ್ರಿಂದಲೂ ಒಂದು ಹಾಕ್ತೀನಿ" ಎಂದ ಇಕ್ಕಳ. " ಕೆಲಸ ಮುಗಿದ ಮೇಲೆ ಕೊಟ್ರಾಯ್ತು."

ದೂರಪ್ಪನವರ ಕಣ್ಣು ತೇವವಾಯಿತು. ಅಷ್ಟರಲ್ಲಿ ಕಿಟಕಿಯ ಆಚೆ ಜನರ ಸಾಲು ಬೆಳೆಯುತ್ತ ಹೋಯಿತು. ಮೂರು ದಿನದಿಂದ ನೀರು ಕಾಣದ ದರ್ಜಿಯೊಬ್ಬರು ಕತ್ತು ಚಾಚಿ ನೋಡಿದರು.

"ಏನ್ ಸ್ವಾಮಿ, ಆಪರೇಷನ್ನಾ?"

"ಯಂತ್ರ ತನ್ನ ಬಗ್ಗೆ ತಾನೇ ಹೇಳೋ ಹಾಗೆ ಮಾಡ್ತಿದೀವಿ" ಎಂದ ಇಕ್ಕಳ.

"ಹಂಗೇ ನಮ್ಮನೆ ನಲ್ಲಿಗೂ ಒಂದು ಹಾಕಿಕೊಡಿ. ನೀರಿಲ್ಲ ಅಂತ ಅದೇ ಬಂದು ಹೇಳಲಿ, ನನಗೆ ಹೊಲಿಗೆ ಕೆಲಸ ಇದೆ."

ಹೊಸ ಆಪರೇಟಿಂಗ್ ಸಿಸ್ಟಮ್ ಒಳಗೆ ಇಳಿಯುವುದಕ್ಕೆ ನಾಲ್ಕು ಗಂಟೆ ಹಿಡಿಯಿತು. ಪರದೆಯ ಮೇಲೆ ಶೇಕಡಾ ತೊಂಬತ್ತೊಂಬತ್ತು ಎಂದು ಬಂದು, ಬಾಗಿಲಿಗೆ ಬಂದ ನೆಂಟರು ಹೊಸಿಲಲ್ಲೇ ಮಾತಿಗೆ ನಿಂತ ಹಾಗೆ ನಿಂತುಬಿಟ್ಟಿತು. ದೂರಪ್ಪ ಊಟ ಬಿಟ್ಟು ಅದನ್ನೇ ನೋಡುತ್ತ ಕೂತರು. ನಾಲ್ಕಕ್ಕೆ ಆರು ನಿಮಿಷ ಇರುವಾಗ ಯಂತ್ರ ಎದ್ದಿತು. ಎರಡು ಪಟ್ಟಿಯ ಬಲದಲ್ಲಿ, ಜೀವಮಾನದಲ್ಲೇ ಮೊದಲ ಸಲ, ಚಟಕ್ಕನೆ ಎದ್ದಿತು.

"ಒತ್ತಿ, ಒತ್ತಿ" ಎಂದು ಅಕ್ಕ ಅವಸರಿಸಿದರು. ತಮ್ಮದು ಇನ್ನೂ ಹೋಗಿಲ್ಲವೆಂದು ನೆನಪಾಗಿ ಅವರೂ ಓಡಿ ಹೋಗಿ ತಮ್ಮ ಗುಂಡಿ ಒತ್ತಿದರು. ಇಕ್ಕಳ ಉಗ್ರಾಣಕ್ಕೆ ಓಡಿದ.

ದೂರಪ್ಪನವರ ಪರದೆ ಹಸಿರಾಯಿತು. 'ಮೆಮೊರಿ ಸಮೃದ್ಧ. ಆಪರೇಟಿಂಗ್ ಸಿಸ್ಟಮ್ ಇತ್ತೀಚಿನದು. ಬದಲಿ ಬೇಕಿಲ್ಲ.'

ಅಕ್ಕನ ಪರದೆ ಕೆಂಪಾಯಿತು. 'ಮೆಮೊರಿ ಸಾಲದು.' ಉಗ್ರಾಣದ ಪರದೆಯೂ ಕೆಂಪೇ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಹಿರಿಯರು ಹೇಳಿದ್ದು ಆ ಕಚೇರಿಯಲ್ಲಿ ತಿರುವುಮುರುವಾಗಿತ್ತು.

ಸಾಹೇಬರು ಬಂದು, ವರದಿ ಹೋದ ಮೇಲೆ ಮುಗಿಯಿತು, ಯಂತ್ರದ ಮಾತು ತಿದ್ದುವ ಹಾಗಿಲ್ಲ ಎಂದರು. ಅಕ್ಕನಿಗೂ ಇಕ್ಕಳನಿಗೂ ಹೊಸ ಡಬ್ಬಿ ಬಂತು. ಅಕ್ಕ ತಲೆ ಎತ್ತದೆ ಡಬ್ಬಿಯ ಅಂಟು ಬಿಡಿಸುತ್ತ ಕೂತರು. ಸ್ವಲ್ಪ ಹೊತ್ತಿಗೆ ಇಕ್ಕಳ ತಿರುಪುಳಿ ಹಿಡಿದು ದೂರಪ್ಪನವರ ಮೇಜಿನ ಮುಂದೆ ನಿಂತ.

"ಬೇಜಾರು ಮಾಡ್ಕೋಬೇಡಿ ದೂರಪ್ಪಣ್ಣ. ನಮ್ಮಿಬ್ಬರ ಹಳೇ ಯಂತ್ರ ವಾಪಸ್ ಕೊಡುವಾಗ ಒಳಗಿನ ಸಾಮಾನೆಲ್ಲ ಲೆಕ್ಕಕ್ಕೆ ಸರಿಯಾಗಿರಬೇಕಂತೆ. ಆ ಎರಡು ಪಟ್ಟಿ..."

"ತಗೋ ಮಾರಾಯ. ಹೊಸ ಸಿಸ್ಟಮ್ಮೂ ತೆಗೆದುಬಿಡು, ನನ್ನ ಹಳೇದೇ ಹಾಕಿಕೊಡು."

"ಅದು ಆಗಲ್ಲ ಅಣ್ಣ, ಹಳೇದು ಅಳಿಸಿಹೋಯ್ತು."

ಐದು ಗಂಟೆಗೆ ಉಳಿದವರೆಲ್ಲ ಹೊರಟರು. ದೂರಪ್ಪನವರ ಯಂತ್ರ ತನ್ನ ಮೊದಲಿನ ಚೂರು ಮೆಮೊರಿಯ ಮೇಲೆ ಹೊಸ ಸಿಸ್ಟಮ್ಮಿನ ಮೂಟೆ ಹೊತ್ತು, ಮೊದಲಿಗಿಂತ ಉದ್ದದ ನಿಟ್ಟುಸಿರು ಬಿಟ್ಟಿತು. ಅಷ್ಟರಲ್ಲಿ ಮನೆಯಿಂದ ಫೋನು ಬಂತು.

"ಏನೂಂದ್ರೆ, ಹೊಸದು ಬಂತಾ?"

"ಇಲ್ಲ ಕಣೇ. ಕಚೇರಿಗೆಲ್ಲ ನಮ್ಮದೇ ಮೊದಲ ಸ್ಥಾನ."

"ನಿಮ್ಮದಾ?"

"ಯಂತ್ರದ್ದು. ತುಂಬ ಚೆನ್ನಾಗಿದೆಯಂತೆ."

"ಅಷ್ಟು ಚೆನ್ನಾಗಿದ್ರೆ ಅದನ್ನೇ ಮನೆಗೆ ಕಳಿಸಿ, ನೀವು ಅಲ್ಲೇ ಇರಿ."

ದೂರಪ್ಪ ಪರದೆಯ ಕಡೆ ನೋಡಿದರು. ಅಲ್ಲಿ ಒಂದು ಸಣ್ಣ ಚಕ್ರ ಸುತ್ತುತ್ತಲೇ ಇತ್ತು.

"ಕಳಿಸಬಹುದಿತ್ತು ಕಣೇ" ಎಂದರು. "ಅದು ಇನ್ನೂ ಎದ್ದಿಲ್ಲ."