ಐದು ನಿಮಿಷದ ಲೆನ್ಸ್

ನನಗೊಂದು ಕೆಟ್ಟ ಚಾಳಿಯಿದೆ. ಇನ್ನೊಬ್ಬರ ಕೈಯಲ್ಲಿ ಕ್ಯಾಮೆರಾ ಕಂಡರೆ ನನ್ನ ಕೈ ತುರಿಸತೊಡಗುತ್ತದೆ. ಮಾನ್ವಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡವನಿಗೆ ಈ ಕುತೂಹಲ ಇಷ್ಟರಲ್ಲಿ ಇಳಿಯಬೇಕಿತ್ತು. ಇಳಿದಿಲ್ಲ. ನನ್ನ ಸ್ವಂತ ಕ್ಯಾಮೆರಾ ಬ್ಯಾಟರಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ದುಡಿಯುತ್ತಿದೆ. ಮಲ್ಲಟದ ಮದುವೆಯೊಂದರಲ್ಲಿ ಬೀಗರೊಬ್ಬರು ಅದರ ಲೆನ್ಸನ್ನು ಬಗ್ಗಿ ನೋಡಿ, "ಇಷ್ಟೇ ಏನ್ರೀ ಇದರ ಉದ್ದ? ನಮ್ಮ ಮಂದಿ ಎಲ್ಲಾ ಹಿಡಿತಾರೇನ್ರೀ ಇದ್ರಾಗ?" ಎಂದು ಕೇಳಿದ್ದರು. "ಹಿಡಿತಾರ್ರೀ, ಜರಾ ಒತ್ತಿ ನಿಂತ್ರ" ಅಂದಿದ್ದೆ. ನಕ್ಕೆನಾದರೂ ಆ ಮಾತು ಮನಸ್ಸಿಗೆ ಚುಚ್ಚಿತ್ತು.

ಹೀಗಿರುವಾಗ ಕ್ಯಾಮೆರಾ ಕಂಪನಿಯೊಂದು ರಾಯಚೂರಿನ ಹೋಟೆಲ್ ಹಾಲಿನಲ್ಲಿ ತನ್ನ ಹೊಸ ಸಾಮಾನನ್ನೆಲ್ಲ ಹರಡಿಟ್ಟು, ಬಂದು ಮುಟ್ಟಿ ನೋಡಿ ಎಂದು ನಮ್ಮಂಥವರನ್ನು ಕರೆಯಿತು. ಯಾವ ಕ್ಯಾಮೆರಾದಲ್ಲಿ ತೆಗೆದದ್ದಾದರೂ ಸರಿ, ದಿನದ ಉತ್ತಮ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ಕೊಡುತ್ತಾರಂತೆ. ಸ್ಟುಡಿಯೋದಲ್ಲಿ ಅದಕ್ಕೆ ಗೋಡೆಯನ್ನೂ ಗೊತ್ತು ಮಾಡಿಬಿಟ್ಟೆ. ತೊಡಕೆಂದರೆ, ಅದೇ ದಿನ ಹೆಂಡತಿ ನೀಲಮ್ಮನೊಂದಿಗೆ ದೇವದುರ್ಗಕ್ಕೆ ಹೊರಡಬೇಕಿತ್ತು. ಮರುದಿನ ಅವಳ ಅಕ್ಕನ ಮಗಳ ಕುಬಸ. ಬಸುರಿಗೆ ಉಡಿ ತುಂಬಲು ಅಕ್ಕಿ, ತೆಂಗಿನಕಾಯಿ, ಜಂಪರ್ ಪೀಸು ಎಲ್ಲ ಚೀಲದಲ್ಲಿ ಸಿದ್ಧವಾಗಿದ್ದವು. "ಸಿರವಾರದ ಮ್ಯಾಲೆ ಸೀದಾ ಹೋಗೋದು ಬಿಟ್ಟು ರಾಯಚೂರು ಯಾಕ ಸುತ್ತಾಕತ್ತೀರಿ?" ಎಂದಳು. ಅಲ್ಲಿ ಒಳ್ಳೆಯ ಸೀರೆ ಸಿಗುತ್ತವೆ ಎಂದೆ. ನಂಬಿದಂತೆ ಮಾಡಿ ಬಸ್ಸು ಹತ್ತಿದಳು.

ಹಾಲಿನ ವೇದಿಕೆಯ ಮೇಲೆ ರೇಷ್ಮೆ ಸೀರೆಯುಟ್ಟು, ಬಾಸಿಂಗ ಕಟ್ಟಿಕೊಂಡ ಮದುಮಗಳು ಒಬ್ಬಳೇ ಕೂತಿದ್ದಳು. ವರನಿಲ್ಲ, ಬೀಗರಿಲ್ಲ. ನಾವು ಫೋಟೋ ತೆಗೆದು ನೋಡಲೆಂದು ಕೂರಿಸಿದ ಹುಡುಗಿ. ಎದುರಿಗೆ ಸ್ಟ್ಯಾಂಡಿನ ಮೇಲೆ ಕಂಪನಿಯ ಹೊಸ ಕ್ಯಾಮೆರಾ, ಅದಕ್ಕೊಂದು ದೊಡ್ಡ ಲೆನ್ಸ್. ತಲೆಗೆ ಐದು ನಿಮಿಷ. ನನ್ನ ಪಾಳಿ ಬರಲು ಎರಡು ತಾಸು ಹಿಡಿಯಿತು. ಅಷ್ಟು ಹೊತ್ತೂ ನೀಲಮ್ಮ ಹಿಂದಿನ ಕುರ್ಚಿಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು.

ಕಣ್ಣಿಟ್ಟೆ ನೋಡಿ, ಇಡೀ ಹಾಲು ಕೈಗೆಟುಕುವಷ್ಟು ಹತ್ತಿರ ಬಂತು! ಆ ತುದಿಯ ಗೋಡೆ ಗಡಿಯಾರದ ಮೇಲಿನ ಸಣ್ಣ ಅಕ್ಷರ ಓದಿದೆ. ಬಾಗಿಲಲ್ಲಿ ನಿಂತವರೊಬ್ಬರ ಅಂಗಿಯ ಗುಂಡಿಗೆ ಬೇರೆ ಬಣ್ಣದ ದಾರ ಹಾಕಿದ್ದು ಕಂಡೆ. ಮದುಮಗಳ ರೆಪ್ಪೆಗೂದಲನ್ನಂತೂ ಎಣಿಸಬಹುದಿತ್ತು, ಎಣಿಸಿದೆ ಕೂಡ. ಹೀಗೆ ಮೂರು ನಿಮಿಷ ಹೋಯಿತು. ಇನ್ನು ಸಾಕು, ಚಿತ್ರ ತೆಗೆಯೋಣ ಎಂದು ಗುಂಡಿ ಒತ್ತಬೇಕು, ಲೆನ್ಸಿನ ತುಂಬ ನೀಲಮ್ಮನ ಬೆನ್ನು!

ನೀರಿನ ಬಾಟಲಿ ಹಿಡಿದು ವೇದಿಕೆ ಹತ್ತಿಬಿಟ್ಟಿದ್ದಳು. "ತುಟಿ ಒಣಗ್ಯಾವಲ್ಲವ್ವಾ, ಮುಂಜಾನಿಂದ ಏನರ ತಿಂದೀಯೇನು?"

"ಇಲ್ರೀ. ಲಿಪ್‌ಸ್ಟಿಕ್ ಹೋಗ್ತದ, ನೀರೂ ಕುಡಿಬ್ಯಾಡ ಅಂದಾರ್ರೀ."

"ನಿನ್ನ ಗಂಡ ಎಲ್ಲಿ ಹೋದ?"

"ಇನ್ನಾ ಸಿಕ್ಕಿಲ್ರೀ ಯವ್ವಾ. ಇದು ಬರೀ ಫೋಟೋದ ಸಲುವಾಗಿ."

"ಸಿಗ್ತಾನ ಬಿಡು, ಎಲ್ಲಿ ಹೋಗ್ತಾನ! ಹಂಗಂತ ಮದುಮಗಳನ್ನ ಬರಿ ಉಡಿಲೆ ಕೂಡಸ್ತಾರೇನು?" ಎನ್ನುತ್ತ ನೀಲಮ್ಮ ಚೀಲದಿಂದ ತೆಂಗಿನಕಾಯಿ ತೆಗೆದಳು.

ನನಗೆ ತಡೆಯಲಾಗಲಿಲ್ಲ. ಲೆನ್ಸ್ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ, "ಏ ನೀಲಾ, ಆ ಕಡಿ ಸರಿ! ಇರೋದಽ ಐದು ನಿಮಿಷ!" ಎಂದು ಕೈ ಬೀಸಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅಕ್ಕಿ, ಕಾಯಿ, ಜಂಪರ್ ಪೀಸು ಉಡಿಯಲ್ಲಿಟ್ಟು ಹುಡುಗಿಯ ಗದ್ದ ಮುಟ್ಟಿದಳು. ಮುಂಜಾನೆಯಿಂದ ಗೊಂಬೆಯಂತೆ ಕೂತ ಹುಡುಗಿ ಬಾಯಿ ತುಂಬ ನಕ್ಕುಬಿಟ್ಟಳು, ಕಣ್ಣಲ್ಲಿ ನೀರಾಡಿತು. ಸುತ್ತ ನಿಂತವರೆಲ್ಲ ತಮ್ಮ ಹಳೆಯ ಕ್ಯಾಮೆರಾಗಳಲ್ಲೇ ಪಟಪಟನೆ ಒತ್ತಿದರು. ನಾನು ಲೆನ್ಸಿಗೆ ಮರಳುವಷ್ಟರಲ್ಲಿ ಕಂಪನಿಯವರು, "ನಿಮ್ಮ ಟೈಮ್ ಆಯ್ತು ಸರ್" ಎಂದರು. ರೆಪ್ಪೆಗೂದಲು ಎಣಿಸಿದವನಿಗೆ ಒಣಗಿದ ತುಟಿ ಕಾಣದ್ದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಯಿತು. ಪಾಳಿ ಹೋದ ಸಿಟ್ಟೂ ಇತ್ತೆನ್ನಿ.

ಸಂಜೆ ಎಲ್ಲರ ಚಿತ್ರಗಳನ್ನೂ ದೊಡ್ಡ ಟೀವಿಯಲ್ಲಿ ತೋರಿಸಿದರು. ನಗುವ ಹುಡುಗಿ, ಗದ್ದ ಹಿಡಿದ ನೀಲಮ್ಮ. ಯಾರ ಚಿತ್ರ ನೋಡಿದರೂ ಅಂಚಿನಿಂದ ಒಂದು ಕೈ ಸರಿ ಸರಿ ಎನ್ನುತ್ತ ಒಳಗೆ ಬಂದಿತ್ತು. "ಈ ಕೈ ಯಾರದು?" ಎಂದು ಕಂಪನಿಯವರು ಕೇಳಿದಾಗ ನಾನು ಕೈಯನ್ನು ಜೇಬಿಗಿಳಿಸಿದೆ. "ನಮ್ಮ ಮನಿಯವ್ರದು ರೀ!" ಎಂದು ನೀಲಮ್ಮ ಹಾಲಿಗೆಲ್ಲ ಕೇಳುವಂತೆ ಹೆಮ್ಮೆಯಿಂದ ಹೇಳಿದಳು.

ಬಹುಮಾನ ಗೆದ್ದದ್ದು ದೇವದುರ್ಗದ ಫೋಟೋಗ್ರಾಫರೊಬ್ಬರು. ಒಳ್ಳೆಯ ಮನುಷ್ಯ, ಅಕ್ಕಾವ್ರ ಫೋಟೋ ಅಕ್ಕಾವ್ರಿಗೇ ಸಲ್ಲಬೇಕು ಎಂದು ಅಚ್ಚಾದ ಚಿತ್ರವನ್ನು ಮಾನ್ವಿಗೇ ಕಳಿಸಿಕೊಟ್ಟರು. ಈಗ ಅದು ನನ್ನ ಸ್ಟುಡಿಯೋದ ಗೋಡೆ ತುಂಬ ಇದೆ. ಬಂದ ಗಿರಾಕಿಗಳೆಲ್ಲ ಮೆಚ್ಚಿ, ನೀವೇ ತೆಗೆದದ್ದೇ ಎಂದು ಕೇಳುತ್ತಾರೆ. ಇಲ್ಲ, ಆದರೆ ಅದರಲ್ಲಿ ನಾನೂ ಇದ್ದೇನೆ ಎನ್ನುತ್ತೇನೆ, ಮಣಿಕಟ್ಟಿನವರೆಗೆ.