ಸ್ತಾವ್ರೋಸನ ಅಮ್ಮ ಕಳಿಸಿದ ಎಣ್ಣೆ

ತಾನು ಪಂಡಿತನೆಂದು ನಂಬಿಕೊಳ್ಳಲು ಪ್ರತಿಯೊಬ್ಬ ಮನುಷ್ಯನಿಗೂ ಒಂದಾದರೂ ವಿಷಯ ಬೇಕು. ಕೆಲವರಿಗೆ ಕ್ರಿಕೆಟ್, ಕೆಲವರಿಗೆ ರಾಜಕೀಯ, ಇನ್ನು ಕೆಲವರಿಗೆ ಪಕ್ಕದ ಮನೆಯವರ ಕಾರಿನ ಇಂಜಿನ್ ಸದ್ದು. ನನ್ನ ಪಾಲಿಗೆ ಬಂದದ್ದು ಎಣ್ಣೆ. ಇದಕ್ಕೆ ನಾನು ಕೊಡುವ ಪುರಾವೆಯೆಂದರೆ, ಕಿನ್ನಿಗೋಳಿಯಲ್ಲಿ ನನ್ನ ಸೋದರಮಾವನ ಎಣ್ಣೆ ಮಿಲ್ಲಿತ್ತು, ಶಾಲೆಗೆ ರಜೆ ಬಂದರೆ ನಾನು ಅಲ್ಲೇ ಇರುತ್ತಿದ್ದೆ, ಕೊಬ್ಬರಿ ಮೂಸಿದರೆ ಸಾಕು, ಎಣ್ಣೆ ಹೇಗೆ ಬಂದೀತು ಎಂದು ಹೇಳುತ್ತಿದ್ದೆ. ಮಾವ ನನ್ನನ್ನು ಅಲ್ಲಿ ಕೂರಿಸಿದ್ದು ಅಂಗಳದಲ್ಲಿ ಒಣಹಾಕಿದ ಕೊಬ್ಬರಿಯಿಂದ ಕಾಗೆ ಓಡಿಸುವುದಕ್ಕೆ ಎಂಬ ಸಣ್ಣ ವಿವರವನ್ನು ಸಾಮಾನ್ಯವಾಗಿ ಬಿಟ್ಟು ಹೇಳುತ್ತೇನೆ. ಮಸ್ಕತ್ತಿಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಿನಿಂದ ಯಾರಾದರೂ ತೆಂಗಿನೆಣ್ಣೆ ತಂದರೆ ಈಗಲೂ ಅದರ ಮುಚ್ಚಳ ಮೊದಲು ತೆಗೆಯುವವನು ನಾನೇ. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಅಡ್ಡಿಯಿಲ್ಲ" ಎಂದ ಮೇಲೆಯೇ ಅದಕ್ಕೆ ಅಡುಗೆಮನೆ ಪ್ರವೇಶ. ನನ್ನ ಹೆಂಡತಿ ಸುಮನಾ ಆ ಹೊತ್ತಿನಲ್ಲಿ ಸೊಂಟಕ್ಕೆ ಕೈಕೊಟ್ಟು ಸುಮ್ಮನೆ ನಿಂತಿರುತ್ತಿದ್ದಳು. ಅದನ್ನು ನಾನು ಗೌರವ ಎಂದು ತಿಳಿದಿದ್ದೆ.

ಹೊಟ್ಟೆಪಾಡಿಗೆ ನಾನು ಇಲ್ಲಿಯ ಬೌಷರ್ ಬಡಾವಣೆಯ ಒಂದು ಕಟ್ಟಡ ನಿರ್ಮಾಣ ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಇಂಜಿನಿಯರುಗಳು ಕಳಿಸುವ ನಕ್ಷೆಗಳಿಗೆ ನಂಬರು, ದಿನಾಂಕ, ಸಹಿ, ಸೀಲು ಎಲ್ಲ ಇದೆಯೇ ಎಂದು ನೋಡಿ ಒಳಗೆ ಬಿಡುವವನು. ನಕ್ಷೆಯ ಮನೆಗೆ ಬಾಗಿಲು ಇದೆಯೋ ಇಲ್ಲವೋ ನನಗೆ ಸಂಬಂಧವಿಲ್ಲ, ಮೂಲೆಯಲ್ಲಿ ಸೀಲು ಇರಬೇಕು. ನನ್ನ ಎದುರಿನ ಮೇಜಿನಲ್ಲಿ ಕೂರುವ ಸ್ತಾವ್ರೋಸ್ ಗ್ರೀಸ್ ದೇಶದ ಇಂಜಿನಿಯರ್. ಮೂರು ವರ್ಷಗಳಿಂದ ಮಧ್ಯಾಹ್ನ ನನ್ನ ಬುತ್ತಿಯ ಅರ್ಧ ಅವನದು. ಸುಮನಾ ಕೆಸುವಿನೆಲೆಯಲ್ಲಿ ಮಾಡಿದ ಪತ್ರೊಡೆ ತಿಂದು "ಇದು ನಮ್ಮಲ್ಲೂ ಉಂಟು, ನಾವು ದ್ರಾಕ್ಷಿ ಎಲೆಯಲ್ಲಿ ಸುತ್ತುತ್ತೇವೆ" ಎಂದು ಮೊದಲ ದಿನವೇ ನೆಂಟಸ್ತನ ಸ್ಥಾಪಿಸಿಕೊಂಡವನು. ಕಳೆದ ಜನವರಿಯಲ್ಲಿ ಅವನು ರಜೆ ಮುಗಿಸಿ ಬಂದಾಗ ಸ್ವೆಟರಿನಲ್ಲಿ ಸುತ್ತಿದ ಮೂರು ಲೀಟರಿನ ತಗಡಿನ ಡಬ್ಬವೊಂದನ್ನು ನನ್ನ ಮೇಜಿನ ಮೇಲಿಟ್ಟ. ಅವನ ಅಮ್ಮ ಕಳಿಸಿದ ಆಲಿವ್ ಎಣ್ಣೆ. ಮನೆಯ ಹಿಂದೆ ಅವರದೇ ನಲವತ್ತು ಮರಗಳಂತೆ. ಎಪ್ಪತ್ತು ದಾಟಿದ ಆ ತಾಯಿ ಈಗಲೂ ಮರದ ಕೆಳಗೆ ಬಲೆ ಹಾಸಿ, ಕೋಲಿನಿಂದ ಕಾಯಿ ಉದುರಿಸಿ, ಅದೇ ದಿನ ಊರಿನ ಗಾಣಕ್ಕೆ ಕೊಂಡುಹೋಗಿ ಎಣ್ಣೆ ತೆಗೆಸುತ್ತಾರಂತೆ. "ದಿನವೂ ನನಗೆ ಅನ್ನ ಹಾಕುವ ಮನೆಗೆ ಎಂದು ಅಮ್ಮ ಪ್ರತ್ಯೇಕವಾಗಿ ತುಂಬಿಸಿದ್ದು" ಎಂದ. ಡಬ್ಬದ ಮೇಲೆ ಲೇಬಲ್ ಇಲ್ಲ, ಸೀಲಿಲ್ಲ, ಮಾರ್ಕರಿನಲ್ಲಿ ಬರೆದ ಗ್ರೀಕ್ ಅಕ್ಷರ ಎರಡು ಸಾಲು ಮಾತ್ರ. ಕಾಗದಪತ್ರವಿಲ್ಲದ ವಸ್ತುವಿನ ಮೇಲೆ ನನಗೆ ಅಲ್ಲೇ ಸಣ್ಣ ಅನುಮಾನ ಬಂದಿತ್ತು.

ಮನೆಗೆ ಬಂದು ಪದ್ಧತಿ ಪ್ರಕಾರ ಮುಚ್ಚಳ ತೆಗೆದು ಮೂಸಿದೆ. ಆಗತಾನೆ ಕೊಯ್ದ ಹಸಿ ಹುಲ್ಲಿನ ವಾಸನೆ. ಎಣ್ಣೆಗೆ ಹುಲ್ಲಿನ ವಾಸನೆ ಯಾಕೆ? ಒಂದು ಚಮಚ ಬಾಯಿಗೆ ಹಾಕಿದೆ. ನಾಲಗೆಯ ಮೇಲೆ ಕಹಿ, ನುಂಗಿದ್ದೇ ತಡ ಗಂಟಲಲ್ಲಿ ಕಾಳುಮೆಣಸು ಅರೆದು ಹಚ್ಚಿದ ಹಾಗೆ ಉರಿ. ಮೂರು ಸಲ ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು. ತೆಂಗಿನೆಣ್ಣೆಯ ನಮ್ಮ ಶಾಸ್ತ್ರದಲ್ಲಿ ಗಂಟಲು ಹಿಡಿಯುವ ಎಣ್ಣೆಗೆ ಒಂದೇ ಅರ್ಥ.

"ಕಮಟಿದೆ ಮಾರಾಯ್ತಿ," ಎಂದೆ ಸುಮನಾಳಿಗೆ. "ಪಾಪ, ಆ ಅಮ್ಮ ಎಷ್ಟು ಪ್ರೀತಿಯಲ್ಲಿ ಕಳಿಸಿದ್ದೋ ಎಂತದೋ. ಪ್ಲೇನಿನಲ್ಲಿ ಕೆಟ್ಟುಹೋಗಿರ್ಬೇಕು. ಬಿಸಾಡಿಬಿಡು."

ಅವಳು ಬೆರಳಿಗೆ ಒಂದು ಹನಿ ತಾಗಿಸಿ ನೆಕ್ಕಿದಳು. "ನಂಗೆ ಹಾಗೆಂತ ಅನ್ನಿಸುದಿಲ್ಲ ಮಾರಾಯ್ರೆ."

"ನಿಂಗೆ ಗೊತ್ತಾಗ್ಲಿಕ್ಕಿಲ್ಲ. ಅದಕ್ಕೆ ಮೂಗು ಬೇಕು."

"ಆಯ್ತಪ್ಪ, ನಾನು ನೋಡಿಕೊಳ್ತೇನೆ, ನೀವು ನೀರು ಕುಡಿಯಿರಿ," ಎಂದು ಡಬ್ಬ ಎತ್ತಿಕೊಂಡು ಹೋದಳು. ನಮ್ಮ ಮನೆಯಲ್ಲಿ ಜಗಳ ತುಳುವಿನಲ್ಲಿ, ರಾಜಿ ಕನ್ನಡದಲ್ಲಿ ಆಗುವುದು ರೂಢಿ. ಅವಳು ಕನ್ನಡದಲ್ಲೇ ಮಾತು ಮುಗಿಸಿದ್ದರಿಂದ ನನ್ನ ತೀರ್ಪು ಅಂಗೀಕಾರವಾಯಿತೆಂದುಕೊಂಡೆ. ಮರುದಿನ ಆಫೀಸಿನಲ್ಲಿ ಸ್ತಾವ್ರೋಸ್ "ಹೇಗಿತ್ತು?" ಎಂದು ಕೇಳಿದಾಗ ನನ್ನ ಬಾಯಿ ನನ್ನನ್ನು ಕೇಳದೆ "ಫಸ್ಟ್ ಕ್ಲಾಸ್! ಇನ್ನು ದಿನಾ ಅದೇ!" ಎಂದುಬಿಟ್ಟಿತು. ಒಳ್ಳೆಯವನಾಗಲು ಹೇಳುವ ಸುಳ್ಳಿಗೆ ನಾವು ಲೆಕ್ಕವಿಡುವುದಿಲ್ಲವಲ್ಲ.

ಆಮೇಲಿನ ಎರಡು ತಿಂಗಳು ನಮ್ಮ ಮನೆಯ ಊಟಕ್ಕೆ ಏನೋ ಒಂದು ಕಳೆ ಬಂದಿತ್ತು. ಮುಖ್ಯವಾಗಿ ಸುಟ್ಟ ಬದನೆಕಾಯಿ ಗೊಜ್ಜು. ನಮ್ಮ ಕಡೆ ಅದಕ್ಕೆ ಕೊನೆಯಲ್ಲಿ ಹಸಿ ತೆಂಗಿನೆಣ್ಣೆ ಒಂದು ಸುತ್ತು ಬಿಡುವುದು ಕ್ರಮ. ಕುಚ್ಚಲಕ್ಕಿ ಗಂಜಿಯ ಜೊತೆ ಅದನ್ನು ನೆಕ್ಕುತ್ತ ನಾನು ಎಂಟನೇ ತರಗತಿಯ ಮಗಳು ನಿಧಿಗೆ ಉಪನ್ಯಾಸ ಕೊಡುತ್ತಿದ್ದೆ: "ನೋಡು, ಇದು ಊರಿನ ಎಣ್ಣೆಯ ಗುಣ. ದುಡ್ಡು ಕೊಟ್ಟರೆ ಸಿಗುವುದಲ್ಲ." ನಿಧಿ "ಓಕೆ ಪಪ್ಪಾ" ಎನ್ನುತ್ತಿದ್ದಳು. ಸುಮನಾ "ಇನ್ನು ಸ್ವಲ್ಪ ಹಾಕ್ಲಾ?" ಎನ್ನುತ್ತಿದ್ದಳು. ನಾನು ಹಾಕಿಸಿಕೊಳ್ಳುತ್ತಿದ್ದೆ.

ಮಾರ್ಚಿನಲ್ಲಿ ಒಂದು ಸೋಮವಾರ ಸ್ತಾವ್ರೋಸ್ ಹಿಗ್ಗುತ್ತ ಬಂದ. ಅಮ್ಮ ಮಸ್ಕತ್ತಿಗೆ ಬಂದಿದ್ದಾರೆ, ಮದೀನತ್ ಸುಲ್ತಾನ್ ಖಾಬೂಸಿನ ಅವನ ಮನೆಯಲ್ಲಿ ಒಂದು ತಿಂಗಳು ಇರುತ್ತಾರೆ. ಅವರಿಗೆ ಇಲ್ಲಿ ಕೋಟೆ, ಮಸೀದಿ, ಸಮುದ್ರ ಯಾವುದೂ ಈಗಲೇ ಬೇಡವಂತೆ. ತನ್ನ ಎಣ್ಣೆಯನ್ನು ದಿನವೂ ತಿನ್ನುವ ಮನೆಯನ್ನು ಮೊದಲು ನೋಡಬೇಕಂತೆ. "ಶುಕ್ರವಾರ ಊಟಕ್ಕೆ ಬರೋಣವಾ, ಮೈ ಫ್ರೆಂಡ್?" ನಾನು "ಯಲ್ಲಾ, ಖಂಡಿತ!" ಎಂದೆ.

ಮನೆಗೆ ಬಂದವನೇ ಡಬ್ಬ ಹುಡುಕಿದೆ. ಸಿಕ್ಕಿತು, ಬಾಲ್ಕನಿಯಲ್ಲಿ. ತಳಕ್ಕೆ ನಾಲ್ಕು ತೂತು, ಒಳಗೆ ಮಣ್ಣು, ಮಣ್ಣಿನಲ್ಲಿ ಬಸಳೆ. ಬಸಳೆಯಂತೂ ಪಕ್ಕದ ಮನೆಯ ಏಸಿ ಪೈಪಿನವರೆಗೆ ಹಬ್ಬಿ ಸುಖವಾಗಿತ್ತು. ಸುಮನಾ ನನ್ನ ಮಾತು ಕೇಳುವುದು ಅಪರೂಪ, ಕೇಳಬಾರದ ಒಂದು ಸಲ ಕೇಳಿಬಿಟ್ಟಿದ್ದಾಳೆ ಎಂದುಕೊಂಡೆ. ಅವಳನ್ನೇ ವಿಚಾರಿಸಬಹುದಿತ್ತು. ಆದರೆ ವಿಚಾರಿಸಿದರೆ ಯಾಕೆಂದು ಕೇಳುತ್ತಾಳೆ, ಯಾಕೆಂದು ಹೇಳಿದರೆ ನನ್ನ ಮೂಗಿನ ಮರ್ಯಾದೆ ಹೋಗುತ್ತದೆ. ಊಟಕ್ಕೆ ಜನ ಬರುತ್ತಾರೆ ಎಂದಷ್ಟೇ ಹೇಳಿ, ನಿಧಿಯ ಕೋಣೆಗೆ ಹೋಗಿ ಆಲಿವ್ ಎಣ್ಣೆ ಕೆಟ್ಟರೆ ಹೇಗಿರುತ್ತದೆಂದು ಫೋನಿನಲ್ಲಿ ನೋಡಲು ಹೇಳಿದೆ. ಅವಳು ಎರಡು ನಿಮಿಷ ಓದಿ ತಲೆ ಎತ್ತದೆಯೇ, "ಪಪ್ಪಾ, ಗುಡ್ ಆಯಿಲ್ ಈಸ್ ಸಪೋಸ್ಡ್ ಟು ಬರ್ನ್. ತಾಜಾ ಇದ್ರೆ ಗಂಟಲು ಉರಿದು ಕಾಫ್ ಬರ್ತದಂತೆ. ಇಫ್ ಇಟ್ ಡಸಂಟ್, ದೆನ್ ವರಿ," ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಮರದ ಕೆಳಗೆ ಬಲೆ ಹಾಸುತ್ತಿರುವ ಬಾಗಿದ ಬೆನ್ನೊಂದು ಕಣ್ಣ ಮುಂದೆ ಬಂತು. ಆ ಬೆನ್ನಿನ ಶ್ರಮವನ್ನು ನಾನು ಒಂದು ಚಮಚ ಕುಡಿದು ಕಸಕ್ಕೆ ಹಾಕಿಸಿದ್ದೆ. ಶುಕ್ರವಾರ ಅವರು ನಗುತ್ತ ನಮ್ಮ ಮನೆಗೆ ಬಂದು, ಅಳುತ್ತ ಹೋಗಬಾರದು ಎಂಬುದೊಂದೇ ನನ್ನ ತಲೆಯಲ್ಲಿ ಉಳಿಯಿತು.

ಬೇರೆ ದಾರಿ ಕಾಣದೆ ಬುಧವಾರ ಆಫೀಸಿನಿಂದ ನೇರವಾಗಿ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋದೆ, ಅವರ ಎಣ್ಣೆಯ ಜಾಗದಲ್ಲಿಡಲು ಇನ್ನೊಂದು ಗ್ರೀಕ್ ಎಣ್ಣೆ ಹುಡುಕಲು. ಆಲಿವ್ ಎಣ್ಣೆಗೇ ಅಲ್ಲಿ ಒಂದು ಗೋಡೆ. ಮುಖದ ಮೇಲೆ ಕಲ್ಲಿನ ಕಂಬ, ನೀಲಿ ಸಮುದ್ರ ಬರೆದುಕೊಂಡು ಹೆಮ್ಮೆಯಿಂದ ನಿಂತ ಬಾಟಲಿಯ ಬೆನ್ನು ತಿರುಗಿಸಿದರೆ ಇರುವೆಯಷ್ಟು ಅಕ್ಷರದಲ್ಲಿ 'ಬೇರೆ ಬೇರೆ ದೇಶಗಳ ಎಣ್ಣೆಗಳ ಮಿಶ್ರಣ'. ಒಂದರ ಮೇಲೆ 'ಪ್ಯೂರ್', ಇನ್ನೊಂದರ ಮೇಲೆ 'ಲೈಟ್'. ಹಾಗೆಂದರೆ ಕಾಯಿಸಿ ಸೋಸಿ ವಾಸನೆ ತೆಗೆದದ್ದು ಎಂದು ಅಷ್ಟರಲ್ಲಿ ನಿಧಿಯಿಂದ ಕಲಿತಿದ್ದೆ. ಒಂದಕ್ಕೆ ಕಾಯಿ ಕೊಯ್ದ ತಿಂಗಳಿಲ್ಲ, ಇನ್ನೊಂದು ಬಿಳಿ ಗಾಜಿನಲ್ಲಿ ದೀಪದ ಬುಡದಲ್ಲೇ ಬೇಯುತ್ತಿತ್ತು. ಹದಿನಾಲ್ಕು ವರ್ಷ ನಕ್ಷೆಗಳ ಮೂಲೆ ಓದಿದ ವಿದ್ಯೆ ಕೊನೆಗೂ ನನ್ನ ಸ್ವಂತ ಉಪಯೋಗಕ್ಕೆ ಬಂತು. ಸತ್ಯ ಹೇಳುತ್ತೇನೆ, ಬಂದ ಸಂಕಟ ಮರೆತು ಖುಷಿಯಾಗಿ ಓದುತ್ತ ನಿಂತುಬಿಟ್ಟೆ. ತಳ್ಳುಗಾಡಿಯೊಂದಿಗೆ ಎರಡನೇ ಸಲ ನನ್ನನ್ನು ದಾಟಿದ ವಯಸ್ಸಾದ ಒಮಾನಿಯೊಬ್ಬರು ಹಿಂದಿಯಲ್ಲಿ "ಭಾಯಿ, ನಾಳೆ ಪರೀಕ್ಷೆ ಇದೆಯಾ?" ಎಂದು ಕೇಳಿದರು. ನಾಳೆಯಲ್ಲ, ನಾಡಿದ್ದು ಎಂದೆ. ಕೊನೆಗೆ ಕೆಳಗಿನ ಸಾಲಿನ ಹಿಂಬದಿಯಲ್ಲಿ ಕಪ್ಪು ಗಾಜಿನ ಒಂದು ಬಾಟಲಿ ಸಿಕ್ಕಿತು. ಎಕ್ಸ್‌ಟ್ರಾ ವರ್ಜಿನ್, ಗ್ರೀಸಿನಲ್ಲೇ ಬೆಳೆದು ಅಲ್ಲೇ ತುಂಬಿಸಿದ್ದು, ಊರಿನ ಹೆಸರುಂಟು, ನವೆಂಬರಿನ ಕೊಯ್ಲು ಎಂದುಂಟು, ದುಂಡಗಿನ ಮುದ್ರೆಯೂ ಉಂಟು. ಕಾರಿನಲ್ಲಿ ಮುಚ್ಚಳಕ್ಕೆ ಹಾಕಿ ಕುಡಿದು ನೋಡಿದೆ. ಎರಡು ಸಲ ಕೆಮ್ಮು ಬಂತು. ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಕೆಮ್ಮಿರಲಿಲ್ಲ.

ಶುಕ್ರವಾರ ಸ್ತಾವ್ರೋಸನ ಜೊತೆ ಅವನ ಅಮ್ಮ ಎಲೆನಿ ಬಂದರು. ಗಿಡ್ಡ ದೇಹ, ಕಪ್ಪು ಉಡುಪು, ಒಂದು ಅಕ್ಷರ ಇಂಗ್ಲಿಷ್ ಬಾರದು. ಬಂದ ಐದು ನಿಮಿಷಕ್ಕೆ ಅಡುಗೆಮನೆಯಲ್ಲಿ ಸುಮನಾಳ ಪಕ್ಕ ನಿಂತು ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ಇವಳು ಕನ್ನಡದಲ್ಲಿ, ಅವರು ಗ್ರೀಕಿನಲ್ಲಿ, ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಆ ಸಂದಿಯಲ್ಲಿ ನಾನು ತಂದ ಎಣ್ಣೆಯನ್ನು ಗಾಜಿನ ಹೂಜಿಗೆ ಸುರಿದು ಮೇಜಿನ ನಡುವೆ ಇಟ್ಟೆ. ಊಟಕ್ಕೆ ಕೂತಾಗ ಸ್ತಾವ್ರೋಸ್ ಅದನ್ನು ಅಮ್ಮನಿಗೆ ಅಭಿಮಾನದಿಂದ ತೋರಿಸಿದ. ಅವರು ರೊಟ್ಟಿಯ ಚೂರನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟರು, ನಿಧಾನವಾಗಿ ಅಗಿದರು, ಮಗನಿಗೆ ಎರಡು ಮಾತು ಹೇಳಿದರು. ಸ್ತಾವ್ರೋಸನ ಮುಖ ಸಣ್ಣದಾಯಿತು.

"ಎಣ್ಣೆ ತುಂಬ ಚೆನ್ನಾಗಿದೆ ಅಂತಾಳೆ ಅಮ್ಮ. ನಂಬಿಕಸ್ಥರು ಮಾಡಿದ್ದು. ಆದರೆ ನಮ್ಮದಲ್ಲವಂತೆ. ಕ್ರೀಟ್ ದ್ವೀಪದ್ದಿರಬೇಕು ಅಂತಾಳೆ."

ಬಾಟಲಿಯ ಮೇಲೆ ಇದ್ದದ್ದು ಕ್ರೀಟ್ ಎಂದೇ. ಲೇಬಲ್ ಓದದೆ ಇದನ್ನು ಹೇಳಬಲ್ಲ ಮನುಷ್ಯರು ಇದ್ದಾರೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ನಿಧಿ ಚಾವಣಿ ನೋಡತೊಡಗಿದಳು. ಇನ್ನು ಸುಳ್ಳಿಗೆ ಸುಳ್ಳು ಪೋಣಿಸುವ ತ್ರಾಣ ನನಗಿರಲಿಲ್ಲ. "ಸ್ತಾವ್ರೋಸ್, ತಪ್ಪು ನನ್ನದು," ಎಂದು ಶುರುಮಾಡಿ ಮೂಸಿದ್ದು, ಕೆಮ್ಮಿದ್ದು, ಬಿಸಾಡಲು ಹೇಳಿದ್ದು ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಅವನು ಅದನ್ನು ಗ್ರೀಕಿನಲ್ಲಿ ಹೇಳಲು ಅಮ್ಮನತ್ತ ತಿರುಗಿದ. ಆದರೆ ಅಮ್ಮನ ಗಮನ ನಮ್ಮ ಮೇಲಿರಲಿಲ್ಲ. ಸುಟ್ಟ ಬದನೆಕಾಯಿ ಗೊಜ್ಜನ್ನು ಬಾಯಿಗಿಟ್ಟು ಅವರು ಅಗಿಯುವುದನ್ನೇ ಮರೆತು ಕೂತಿದ್ದರು. ಇನ್ನೊಂದು ತುತ್ತು ತಿಂದರು. ಎದೆಗೆ ಕೈ ಒತ್ತಿಕೊಂಡು ಏನೋ ಹೇಳಿದರು, ಕಣ್ಣು ತುಂಬಿ ಬಂತು.

"ಇದು ನಮ್ಮ ಹಿತ್ತಲಿನ ಮರಗಳದ್ದು ಅಂತಾಳೆ," ಎಂದ ಸ್ತಾವ್ರೋಸ್, ಬೆರಗಾಗಿ.

ಸುಮನಾ ಎದ್ದು ಹೋಗಿ ಕಪಾಟಿನ ಕತ್ತಲ ಮೂಲೆಯಿಂದ ಬಣ್ಣದ ಗಾಜಿನ ಎರಡು ದೊಡ್ಡ ಬಾಟಲಿ ತಂದಿಟ್ಟಳು. ಒಂದು ಖಾಲಿ, ಇನ್ನೊಂದರಲ್ಲಿ ಅರ್ಧ. "ಅಷ್ಟು ಒಳ್ಳೆ ಎಣ್ಣೆ ಯಾರಾದ್ರೂ ಬಿಸಾಡ್ತಾರಾ? ಬೆಳಕು ತಾಗಬಾರ್ದು ಅಂತ ಇದರಲ್ಲಿ ತುಂಬಿಸಿ, ಡಬ್ಬದಲ್ಲಿ ಬಸಳೆ ನೆಟ್ಟೆ. ಎರಡು ತಿಂಗಳಿಂದ ಗೊಜ್ಜಿಗೆ, ಚಟ್ನಿಗೆ, ಗಂಜಿಗೆ ಇದೇ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ತಿನ್ಲಿಕ್ಕಿತ್ತಾ? 'ಊರಿನ ಎಣ್ಣೆಯ ಗುಣ' ಅಂತ ಅಷ್ಟು ಚಂದದಲ್ಲಿ ತಿಂತಿದ್ರಿ. ನಂಗೆ ತಡೆಯುವ ಮನಸ್ಸು ಬರ್ಲಿಲ್ಲ ಮಾರಾಯ್ರೆ."

ನಿಧಿ ಇದಿಷ್ಟನ್ನೂ ಇಂಗ್ಲಿಷಿಗೆ, ಸ್ತಾವ್ರೋಸ್ ಅಲ್ಲಿಂದ ಗ್ರೀಕಿಗೆ ತಂದಾಗ ಅವನ ಅಮ್ಮ ಮೇಜು ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ತಮ್ಮ ಎಣ್ಣೆಯನ್ನು ಒಂದು ಚಮಚ ತುಂಬ ಬಗ್ಗಿಸಿ, ಮಗುವಿಗೆ ಔಷಧಿ ಕೊಡುವ ಹಾಗೆ ನನ್ನ ಬಾಯಿಗೇ ಹಿಡಿದರು. ಕುಡಿದೆ. ಕೆಮ್ಮು ಬಂತು. ಅವರು ಬೆರಳೆತ್ತಿ ಎಣಿಸಿದರು, "ಎನಾ! ದಿಯೋ! ತ್ರಿಯಾ!" ಮೂರಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ರೀಟಿನದು ಎರಡು, ಇದು ಮೂರು. ಅವರ ಊರಿನಲ್ಲಿ ಎಣ್ಣೆಯ ದರ್ಜೆ ಹೇಳುವುದೇ ಕೆಮ್ಮಿನ ಲೆಕ್ಕದಲ್ಲಂತೆ. ಅಮ್ಮ ನನ್ನ ಕೆನ್ನೆ ತಟ್ಟಿ ಹೇಳಿದ ಮಾತನ್ನು ಅನುವಾದಿಸಲು ಸ್ತಾವ್ರೋಸ್ ಮೊದಲು ಒಪ್ಪಲಿಲ್ಲ. ಸುಮನಾ ಬಿಡಲಿಲ್ಲ. "ಈ ಮನುಷ್ಯನ ಮೂಗನ್ನು ನಂಬಬೇಡ ಮಗಳೇ, ಬಾಯಿಯನ್ನಂತೂ ನಂಬಲೇಬೇಡ. ಆದರೆ ಗಂಟಲು ಬಹಳ ಪ್ರಾಮಾಣಿಕವಾದದ್ದು ಅಂತಾಳೆ" ಎಂದ.

ಸುಮನಾ ಆ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದಾಳೆ. ಆ ಎಣ್ಣೆ ಮುಗಿದ ಮೇಲೆ ಈಗ ಅಂಗಡಿಗೆ ನನ್ನನ್ನೇ ಕಳಿಸುತ್ತಾಳೆ. ನಾನು ಬಾಟಲಿಗಳ ಬೆನ್ನು ಓದಿ, ಕೊಯ್ಲಿನ ತಿಂಗಳು ನೋಡಿ, ಆರಿಸಿ ತರುತ್ತೇನೆ. ಮನೆಗೆ ತಂದ ಮೇಲೆ ಕುರ್ಚಿಯಲ್ಲಿ ಕೂರಿಸಿ ಒಂದು ಚಮಚ ಕುಡಿಸುತ್ತಾಳೆ. ಕೆಮ್ಮಿದರೆ ಬಾಟಲಿ ಕಪಾಟಿಗೆ, ಕೆಮ್ಮದಿದ್ದರೆ ಬಾಣಲೆಗೆ. ಒಳ್ಳೆಯ ಎಣ್ಣೆಯ ಗುಣಲಕ್ಷಣಗಳ ಬಗ್ಗೆ ಈಗ ನನಗೆ ನಿಜಕ್ಕೂ ಬೇಕಾದಷ್ಟು ಗೊತ್ತು. ಅದನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು "ಗೊತ್ತಾಯ್ತು" ಎಂದು ಚಮಚ ತೊಳೆಯಲು ಹೋಗಿರುತ್ತಾಳೆ.