ಸಪ್ಪೆ ಎಡೆಯ ಬಿಳೀತಾತನವರ ಸನ್ನಿಧಾನಕ್ಕೆ

ರೂವಿ, ಮಸ್ಕತ್
ಮಾರಲಮಿ (ಮಹಾಲಯ) ಅಮಾವಾಸ್ಯೆಯ ಮರುದಿನ, ೨೦೧೬

ಮಾನ್ಯರೇ,

ಶ್ರೀರಂಗಪಟ್ಟಣದ ಕೋಟೆ ಮುತ್ತಿದ ಸ್ವಿಸ್ ಪಲ್ಟನ್ನಿನ ಮಾಜಿ ಸಿಪಾಯಿಗಳೂ, ಯುದ್ಧ ಮುಗಿದ ಮೇಲೆ ಗಂಜಾಮಿನಲ್ಲಿಯೇ ಉಳಿದು ನನ್ನ ಗಂಡನ ವಂಶಕ್ಕೆ ಮೂಲಪುರುಷರಾದವರೂ, ಹೆಸರನ್ನಾಗಲಿ ಊರನ್ನಾಗಲಿ ಯಾರಿಗೂ ಹೇಳದೆ ಕಣ್ಮುಚ್ಚಿದ ಮಹಾ ಮಿತಭಾಷಿಗಳೂ ಆದ ತಮಗೆ, ಈ ಮನೆಯ ಸೊಸೆ ಆಶಿತಾ ತಲೆಬಾಗಿ ಮಾಡುವ ನಮಸ್ಕಾರಗಳು. ಮೇಲಿನ ಲೋಕದಲ್ಲಿ ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವು ಅಷ್ಟೇನೂ ಕ್ಷೇಮವಿಲ್ಲ. ತಾವು ಕಾಗೆಯ ಮೂಲಕ ಮಾತ್ರ ವ್ಯವಹರಿಸುವವರಾದ್ದರಿಂದ ಇದನ್ನು ಬಹಿರಂಗವಾಗಿಯೇ ಬರೆಯಬೇಕಾಯಿತು.

ತಮ್ಮ ಮರಿಮೊಮ್ಮಗನ ಮರಿಮೊಮ್ಮಗ, ಅಂದರೆ ನನ್ನ ಗಂಡ ಕಿಶೋರ್, ಇದೇ ಒಮಾನಿನ ದುಕ್ಮ್‌ನಲ್ಲಿ ಎಣ್ಣೆ ಪೈಪ್‌ಲೈನ್ ಇನ್ಸ್‌ಪೆಕ್ಟರ್ ಆಗಿದ್ದರು. ಎಣ್ಣೆಯ ಬೆಲೆ ಕುಸಿಯಿತು, ಕಂಪನಿ 'ಖಲಾಸ್' ಎಂದಿತು. ಇಲ್ಲಿ ಬೇರೆ ಕೆಲಸ ಹಿಡಿಯಲು ಹಳೆಯ ಕಫೀಲನ, ಅಂದರೆ ವೀಸಾ ಕೊಡಿಸಿದ ಧಣಿಯ, ಒಪ್ಪಿಗೆ ಬೇಕು; ಆತ ಕೊಡಲಿಲ್ಲ. ತಮ್ಮ ಪಲ್ಟನ್ನಾದರೋ ಡಚ್ಚರ ಸಂಬಳದಲ್ಲಿದ್ದದ್ದು ಇಡಿಯಾಗಿ ಇಂಗ್ಲಿಷರ ಸಂಬಳಕ್ಕೆ ದಾಟಿತಂತೆ. ತುಪಾಕಿ ಸಮೇತ ಕಫೀಲನನ್ನೇ ಬದಲಿಸಿದ ತಮ್ಮ ಚಾಕಚಕ್ಯತೆಗೆ ಕೈಮುಗಿದೆ. ಅದಕ್ಕೆ ಒಪ್ಪಿಗೆ ಕೊಡಿಸಿದ ಗುಮಾಸ್ತರು ತಮ್ಮ ಅಕ್ಕಪಕ್ಕದಲ್ಲಿ ಎಲ್ಲಾದರೂ ಇದ್ದರೆ ನಮ್ಮ ಪರವಾಗಿಯೂ ಒಂದು ಮಾತು ಹೇಳಬೇಕಾಗಿ ವಿನಂತಿ.

ಕೆಲಸ ಕಳೆದುಕೊಂಡು ಊರಿಗೆ ಮರಳುವುದೆಂದರೆ ಕಿಶೋರ್‌ಗೆ ಪ್ರಾಣಸಂಕಟ. ವಿಸಿಟ್ ವೀಸಾದಲ್ಲಿ ಬಂದಿರುವ ತಾಯಿ ಪುಟ್ಟಲಕ್ಷ್ಮಮ್ಮನವರಿಗೂ ಬಾಯಿ ಬಿಡದೆ, 'ರಜೆ' ಎಂದೇ ನಂಬಿಸಿದ್ದರು. ಆ ರಜೆಯಲ್ಲಿ ಕೆಲಸ ಹುಡುಕುವುದನ್ನು ಬಿಟ್ಟು ತಮ್ಮನ್ನು ಹುಡುಕತೊಡಗಿದರು. ತಮ್ಮ ಊರು ಸಿಕ್ಕರೆ ತಾವು ಸ್ವಿಸ್, ತಾವು ಸ್ವಿಸ್ ಆದರೆ ಅವರೂ ಸ್ವಿಸ್, ಆಮೇಲೆ ಊರಿನವರಿಗೆ ಮುಖ ತೋರಿಸದೆ ನೇರವಾಗಿ ಆಲ್ಪ್ಸ್! ಮಗಳು ಹಿತಾ ಆಗಲೇ ಶಾಲೆಯಲ್ಲಿ "ವಿ ಆರ್ ಸ್ವಿಸ್" ಎಂದು ಸಾರಿ, ತರಗತಿಗೆಲ್ಲ ಚಾಕೊಲೇಟಿನ ಭರವಸೆ ಕೊಟ್ಟು ಬಂದಿದ್ದಾಳೆ. ಊಟ, ಮಾತು ಎರಡನ್ನೂ ಬಿಟ್ಟು ಲ್ಯಾಪ್‌ಟಾಪಿನೊಳಗೆ ಸತ್ತ ಸಿಪಾಯಿಗಳ ಜತೆ ಸಂಸಾರ ಮಾಡುತ್ತಿದ್ದ ಗಂಡನನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಇವರು ಬರೆದ ಪತ್ರಕ್ಕೆ ಸ್ವಿಟ್ಜರ್ಲೆಂಡಿನ ದಾಖಲೆ ಕಚೇರಿಯೊಂದರ ಮಹನೀಯರು ಬಹಳ ಮರ್ಯಾದೆಯಿಂದ ತಮ್ಮ ಮನೆತನದ ಹೆಸರು, ಊರು, ಚರ್ಚು ಯಾವುದೆಂದು ಕೇಳಿದರು. ನಮ್ಮಲ್ಲಿದ್ದ ಪುರಾವೆ ಒಂದೇ: ತಮಗೆ ಖಾರ ಆಗದು. ಮಾರಲಮಿಗೆ ಉಳಿದ ಹಿರಿಯರಿಗೆಲ್ಲ ಮುದ್ದೆ, ಕೋಳಿಸಾರು, ವಡೆಯ ಎಡೆಯಾದರೆ, ತಮಗೆ ಬೇರೆಯೇ ಎಲೆ; ಅದರಲ್ಲಿ ಬರೀ ಉಪ್ಪು ಹಾಕಿ ಬೇಯಿಸಿದ ಕೋಳಿ, ಬನ್ನು, ಬ್ರಾಂದಿ. "ಖಾರ ಮುಟ್ಟಿಸ್ಬ್ಯಾಡ ಕಣವ್ವ, ಬಿಳೀತಾತಂಗೆ ಹೊಟ್ಟೆ ಉರೀತದೆ" ಎಂದು ನಮ್ಮತ್ತೆ ಮದುವೆಯಾದ ವರ್ಷವೇ ನನಗೆ ಹೇಳಿಕೊಟ್ಟಿದ್ದರು. ಕಿಶೋರ್ ಆ ಸಪ್ಪೆ ಎಡೆಯ ಹಳೆಯ ಫೋಟೋವನ್ನೇ ಸ್ವಿಟ್ಜರ್ಲೆಂಡಿಗೆ ಕಳಿಸಿಬಿಟ್ಟರು. ಊಟ ಚೆನ್ನಾಗಿ ಕಾಣುತ್ತದೆ, ಆದರೆ ಸಾಕ್ಷಿಗೆ ಸಾಲದು ಎಂಬ ಉತ್ತರ ಬಂತು. ಹಾಗಾದರೆ ತಾವು ಖುದ್ದಾಗಿ ಬಂದು ಸಪ್ಪೆ ತಿನ್ನುವುದನ್ನೇ ವಿಡಿಯೊ ಮಾಡಿ ಕಳಿಸುತ್ತೇನೆಂದು ಇವರು ಹಟ ಹಿಡಿದರು.

ನಿನ್ನೆ ನಮ್ಮ ಕಟ್ಟಡದ ತಾರಸಿಯ ಮೇಲೆ ಎಲೆ ಹಾಕಿದೆವು. ಬನ್ನಿನ ಬದಲು ಖುಬ್ಬೂಸ್ ರೊಟ್ಟಿ, ಬ್ರಾಂದಿಯ ಬದಲು ಪಕ್ಕದ ಮನೆಯ ಆಮಿನಕ್ಕ ಕೊಟ್ಟ ಲಬಾನ್ ಮಜ್ಜಿಗೆ. ಅತ್ತೆ ಎಂದಿನಂತೆ ಮೊದಲು ತಮ್ಮನ್ನೇ ಕರೆದರು. ಕಿಶೋರ್ ಮೊಬೈಲ್ ಹಿಡಿದು ನಿಂತರು. ಕಾಗೆ ಬಂದು ತಮ್ಮ ಎಲೆಯ ಮೇಲೆಯೇ ಕೂತಿತು. ಸಪ್ಪೆ ಕೋಳಿಯನ್ನು ಒಮ್ಮೆ ಕುಕ್ಕಿತು, ಉಗಿಯಿತು, ಕುಪ್ಪಳಿಸಿ ಪಕ್ಕದ ಎಲೆಗೆ ಹೋಗಿ ಕೆಂಪು ಸಾರಿನಲ್ಲಿ ಮುಳುಗಿದ್ದ ತುಂಡನ್ನೆತ್ತಿಕೊಂಡು ಹಾರಿತು.

"ಆಯ್ತು ಬುಡು, ತಾತ ನಮ್ಮೋನೇ ಆಗೋದ! ಇನ್ನೆಲ್ಲೀ ಸ್ವಿಸ್ಸು!" ಎಂದರು ಅತ್ತೆ.

ಮಾನ್ಯರೇ, ಇದು ನ್ಯಾಯವೇ? ಇದ್ದ ಒಂದೇ ಪುರಾವೆಯನ್ನು ತಾವೇ ನುಂಗಿದಿರಿ, ಅದೂ ಕ್ಯಾಮೆರಾದ ಎದುರಿಗೆ. ಖಾರ ರೂಢಿಯಾಗಿದೆಯೆಂದು ಮೊದಲೇ ಒಂದು ಸುಳಿವು ಕೊಟ್ಟಿದ್ದರೆ, ತಲತಲಾಂತರದ ಸೊಸೆಯಂದಿರಿಗೆ ಎರಡೆರಡು ಪಾತ್ರೆ ತಿಕ್ಕುವ ಕೆಲಸ ತಪ್ಪುತ್ತಿತ್ತು.

ಆದರೂ ಒಂದು ಉಪಕಾರ ಒಪ್ಪಿಕೊಳ್ಳಬೇಕು. ಕಿಶೋರ್ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಆ ಎಲೆಗಳ ಮುಂದೆಯೇ ಊಟಕ್ಕೆ ಕೂತು, ಕೆಲಸ ಹೋಗಿರುವುದನ್ನು ತಾಯಿಗೆ ಹೇಳಿದರು. ಅತ್ತೆ ಮಗನ ಎಲೆಗೆ ಇನ್ನೊಂದು ಮುದ್ದೆ ಇಟ್ಟು, "ಅದುಕ್ಯಾಕ್ಲಾ ಮಖ ಹಿಂಗ್ ಮಾಡ್ಕಂಡಿದ್ದೀಯ? ದಂಡಿನ್ ಕೆಲ್ಸ ಹೋದ್ಮೇಲೇ ಕಣ್ಲಾ ಬಿಳೀತಾತ ನಮ್ಮೋನಾಗಿದ್ದು" ಎಂದರು. ಕಿಶೋರ್ ಎಲೆ ಖಾಲಿ ಮಾಡಿ ಎದ್ದರು. ಮುಂದಿನ ವಾರ ಊರಿಗೆ ಹೊರಡುತ್ತಿದ್ದೇವೆ.

ತಮ್ಮ ವಿಶ್ವಾಸಿ,
ರಕ್ತದಿಂದಲ್ಲದಿದ್ದರೂ ಒಲೆಯಿಂದ ತಮ್ಮವಳಾದ
ಆಶಿತಾ

ವಿ.ಸೂ.: ಮುಂದಿನ ಮಾರಲಮಿ ಗಂಜಾಮಿನಲ್ಲಿ. ಬ್ರಾಂದಿ ಉಂಟು, ಬೇರೆ ಎಲೆ ಇಲ್ಲ. ಎಲ್ಲರ ಜತೆ ಪಂಕ್ತಿಯಲ್ಲಿ ಕೂತು ಉಣ್ಣತಕ್ಕದ್ದು. ಹೊಟ್ಟೆ ಉರಿದರೆ ಸ್ವಿಟ್ಜರ್ಲೆಂಡಿನ ಆ ಕಚೇರಿಗೆ ದೂರು ಕೊಡಬಹುದು, ವಿಳಾಸ ನನ್ನಲ್ಲಿದೆ. ಮೊದಲು ತಮ್ಮ ಹೆಸರು, ಊರು, ಚರ್ಚು ಯಾವುದೆಂದು ಕೇಳುತ್ತಾರೆ.